ಹುಟ್ಟಿದ ಕ್ಷಣಕ್ಕೇ ಕರಗುವ ಆನಂದ: ಗಾಂಜಾ, ಮಿದುಳು ಮತ್ತು ನಮ್ಮ ಸುಖದ ಹಂಬಲ

(ಪಾಲಕರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಅವಸರದಲ್ಲಿ ದಾಟಿಹೋದ ಕೆಲವು ವಿವರಗಳನ್ನು ಬರೆಯುವಾಗ ತುಂಬಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದ್ದೇನೆ.)

ಸ್ನೇಹಿತರೇ, ಮೊದಲಿಗೆ ಇಲಿಮರಿಗಳ ಸಂಗತಿ ಹೇಳುತ್ತೇನೆ. ಆಗತಾನೆ ಹುಟ್ಟಿದ ಮರಿ. ಕಣ್ಣು ಬಿಟ್ಟಿಲ್ಲ, ಮೈಮೇಲೆ ರೋಮವಿಲ್ಲ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಪಟ್ಟಿಯಾಗಿ ಹೊರಗಿನಿಂದಲೇ ಕಾಣುತ್ತದೆ. ಲೋಕದ ಬಗ್ಗೆ ಅದಕ್ಕೆ ಏನೂ ತಿಳಿಯದು. ತಾಯಿಯ ಮೊಲೆಗೆ ಬಾಯಿ ಹಚ್ಚಿ ಹೀರುವುದೊಂದು ತಿಳಿದಿದೆ. ಇಸ್ರೇಲಿನ ವಿಜ್ಞಾನಿ ಎಸ್ತರ್ ಫ್ರೀಡ್ ಮತ್ತು ಸಂಗಡಿಗರು ಅಂಥ ಮರಿಗಳಿಗೆ ಒಂದು ಔಷಧವನ್ನು ಒಂದೇ ಒಂದು ಸಲ ಚುಚ್ಚಿದರು. ಮರಿಗಳು ಹಾಲು ಕುಡಿಯುವುದನ್ನು ನಿಲ್ಲಿಸಿದವು. ತಾಯಿ ಪಕ್ಕದಲ್ಲೇ ಇತ್ತು, ಹಾಲೂ ಇತ್ತು, ಮರಿಗಳು ಹೀರಲಿಲ್ಲ. ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಅದೇ ಔಷಧದ ಜೊತೆಗೆ ಇನ್ನೊಂದು ಪದಾರ್ಥವನ್ನೂ ಪಡೆದ ಮರಿಗಳು ಮಾತ್ರ ಹಾಲು ಕುಡಿದು ಬದುಕಿಕೊಂಡವು. ಅವನ್ನು ಬದುಕಿಸಿದ ಪದಾರ್ಥ ಟಿಎಚ್‌ಸಿ, ಅಂದರೆ ಗಾಂಜಾದ ಅಮಲಿನ ಸತ್ವ. 2001ರಲ್ಲಿ ಪ್ರಕಟವಾದ ಪ್ರಯೋಗ ಇದು. ಮೊದಲು ಚುಚ್ಚಿದ ಔಷಧದ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ಬೇರೊಂದು ಕಥೆಯಿದೆ, ಮನುಷ್ಯರ ಕಥೆ.

ಇದನ್ನು ಕೇಳಿ ಗಾಂಜಾ ಒಳ್ಳೆಯದು ಎಂಬ ತೀರ್ಮಾನಕ್ಕೆ ಯಾರೂ ಬರಬೇಡಿ. ಹದಿನಾರರ ಹುಡುಗನ ಮಿದುಳಿಗೆ ಅದು ಏನು ಮಾಡುತ್ತದೆ ಎಂಬುದನ್ನು ಮುಂದೆ ಹೇಳಲಿದ್ದೇನೆ, ಅದು ಹಗುರವಾದ ಸಂಗತಿಯಲ್ಲ. ಈ ಪ್ರಯೋಗದಿಂದ ನಮಗೆ ತಿಳಿಯುವುದು ಇಷ್ಟು: ಗಾಂಜಾ ಹೋಗಿ ಮುಟ್ಟುವ ಜಾಗ ಮಿದುಳಿನ ಯಾವುದೋ ಕೆಟ್ಟ ಮೂಲೆಯಲ್ಲ. ಹಸಿವು, ಹಾಲು, ತಾಯಿಯ ಮೈಯ ಬಿಸುಪು ಇವೆಲ್ಲ ಒಂದು ಜೀವಕ್ಕೆ ಬೇಕೆನಿಸುವುದೇ ಅಲ್ಲಿಂದ. ಆ ವ್ಯವಸ್ಥೆ ನಮ್ಮೊಳಗೆ ಯಾಕಿದೆ, ಅದು ಕೊಡುವ ಸುಖ ಯಾಕೆ ಇಷ್ಟು ಬೇಗ ಆರಿಹೋಗುತ್ತದೆ, ಅದನ್ನು ಹಿಡಿದಿಡಲು ಹೊರಟ ಪ್ರಯತ್ನಗಳಿಗೆ ಏನಾಯಿತು ಎಂಬುದರ ಸುತ್ತ ಇವತ್ತಿನ ಮಾತು.

ಈ ಗಿಡ ನಮಗೆ ಹೊಸದಲ್ಲ. ಭಂಗಿ, ಗಾಂಜಾ, ಚರಸ್ ಎಂದು ಎಲೆ, ಹೂಗೊಂಚಲು, ಅಂಟು ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿದ ನಾಡು ನಮ್ಮದು. ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿಲಿಯಂ ಬ್ರೂಕ್ ಒ'ಶಾಗ್ನೆಸಿ ಎಂಬ ಐರಿಷ್ ವೈದ್ಯ ಇಲ್ಲಿನ ವೈದ್ಯರು ಮತ್ತು ಪಂಡಿತರನ್ನು ಕೇಳಿ ತಿಳಿದು, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1839ರಲ್ಲಿ ಪ್ರಬಂಧ ಬರೆದರು. ಧನುರ್ವಾಯುವಿನ ಸೆಳೆತ ಸಡಿಲವಾದದ್ದನ್ನೂ ಎಳೆಗೂಸಿನ ಅಪಸ್ಮಾರ ತಗ್ಗಿದ್ದನ್ನೂ ಅವರು ದಾಖಲಿಸಿದ್ದಾರೆ. ಹುಚ್ಚುನಾಯಿ ಕಚ್ಚಿದ ರೋಗಿ ಬದುಕಲಿಲ್ಲ, ಆದರೆ ಸಾಯುವ ಮುಂಚಿನ ನರಕ ಕಡಿಮೆಯಾಯಿತು. ಯುರೋಪಿನ ಔಷಧದಂಗಡಿಗಳಿಗೆ ಗಾಂಜಾ ಹೋದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ, ಭಾರತದಿಂದ.

ಅರ್ಧ ಶತಮಾನದ ನಂತರ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು: ಗಾಂಜಾ ಸೇದಿ ಭಾರತೀಯರು ಹುಚ್ಚರಾಗುತ್ತಿದ್ದಾರೆಯೇ? 1893ರಲ್ಲಿ ಆಯೋಗವೊಂದು ನೇಮಕವಾಯಿತು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ ಸಂಪುಟಗಟ್ಟಲೆ ವರದಿ ಕೊಟ್ಟಿತು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಹುಚ್ಚಾಸ್ಪತ್ರೆಗಳ ದಾಖಲೆಗಳ ಪರಿಶೀಲನೆ. ರೋಗಿಯ ಕಾಯಿಲೆಗೆ ಕಾರಣ 'ಗಾಂಜಾ' ಎಂದು ಬರೆದದ್ದು ಹೆಚ್ಚಾಗಿ ಅವನನ್ನು ಹಿಡಿದು ತಂದ ಪೊಲೀಸರು. ಬೀದಿಯಲ್ಲಿ ಸಿಕ್ಕವನ ಹಿನ್ನೆಲೆ ಗೊತ್ತಿಲ್ಲದಿದ್ದರೆ ಆ ಖಾನೆಯನ್ನು ತುಂಬಲು ಗಾಂಜಾ ಸುಲಭದ ಉತ್ತರವಾಗಿತ್ತು. ಹಾಗೆ ತುಂಬಿದ ಖಾನೆಗಳೇ ಒಟ್ಟುಗೂಡಿ ಸಾಮ್ರಾಜ್ಯದ ಅಂಕಿಅಂಶಗಳಾಗಿದ್ದವು. ಮಿತವಾದ ಬಳಕೆಯಿಂದ ಗಮನಾರ್ಹ ಹಾನಿಯಿಲ್ಲ, ಅತಿಯಾದರೆ ಹಾನಿಯಿದೆ, ನಿಷೇಧಕ್ಕಿಂತ ನಿಯಂತ್ರಣ ಮೇಲು ಎಂದು ಆಯೋಗ ಹೇಳಿತು. ಅಂದಿನ ಮಾತು ಅಂದಿನ ಗಿಡಕ್ಕೆ, ಅಂದಿನ ಬಳಕೆಗೆ ಸಲ್ಲುವಂಥದ್ದು. ಇವತ್ತು ಅದನ್ನು ಹಾಗೆಯೇ ಎತ್ತಿ ಆಡುವವರು ಇದನ್ನು ಮರೆಯುತ್ತಾರೆ.

ಇಷ್ಟೆಲ್ಲ ಆದರೂ ಗಿಡದೊಳಗೆ ಅಮಲು ತರುವ ವಸ್ತು ಯಾವುದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಫೀಮಿನಿಂದ ಮಾರ್ಫೀನನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದರು. ಗಾಂಜಾ ಮಾತ್ರ ಒಗ್ಗಲಿಲ್ಲ. ಮಾರ್ಫೀನ್ ಆಮ್ಲದೊಂದಿಗೆ ಸೇರಿ ಹರಳುಗಟ್ಟುತ್ತದೆ. ಗಾಂಜಾದ ಸತ್ವವೋ ಅದನ್ನೇ ಹೋಲುವ ಹತ್ತಾರು ಸಂಯುಕ್ತಗಳ ನಡುವೆ ಜಿಡ್ಡಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಇಪ್ಪತ್ತನೆಯ ಶತಮಾನದ ಉಪಕರಣಗಳೇ ಬೇಕಾದವು.

ಬಿಡಿಸಿದವರು ಇಸ್ರೇಲಿನ ರಸಾಯನ ವಿಜ್ಞಾನಿ ರಾಫೆಲ್ ಮೆಶೂಲಮ್ ಮತ್ತು ಯೆಹಿಯೇಲ್ ಗಾವೊನಿ, 1964ರಲ್ಲಿ. ಮೆಶೂಲಮ್ ಹುಟ್ಟಿದ್ದು 1930ರಲ್ಲಿ, ಬಲ್ಗೇರಿಯದಲ್ಲಿ. ಯುದ್ಧ ಮತ್ತು ಯಹೂದಿ ದ್ವೇಷದ ನಡುವೆ ಬಾಲ್ಯ ಕಳೆದು ಇಸ್ರೇಲಿಗೆ ಬಂದವರು. ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಹಶೀಶ್ ಐದು ಕಿಲೋ ಕೇಳಿ ಪಡೆದು, ಸಾರ್ವಜನಿಕ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ದರು. ಟಿಎಚ್‌ಸಿಯನ್ನು ಶುದ್ಧ ರೂಪದಲ್ಲಿ ಪಡೆದ ಮೇಲೆ ಮನೆಗೆ ಸ್ನೇಹಿತರನ್ನು ಕರೆದರು. ಪತ್ನಿ ಕೇಕ್ ಮಾಡಿದರು. ಕೆಲವರ ತುಂಡಿನಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಇತ್ತು, ಉಳಿದವರ ತುಂಡಿನಲ್ಲಿ ಇರಲಿಲ್ಲ. ಸಿಕ್ಕವರಲ್ಲಿ ಒಬ್ಬರು ತಮಗೇನೂ ಆಗಿಲ್ಲ ಎನ್ನುತ್ತಾ ಮಾತು ನಿಲ್ಲಿಸಲೇ ಇಲ್ಲ. ಇನ್ನೊಬ್ಬರಿಗೆ ನಗು ಉಕ್ಕುತ್ತಲೇ ಇತ್ತು. ಮತ್ತೊಬ್ಬರಿಗೆ ವಿಪರೀತ ಭಯ ಹತ್ತಿಕೊಂಡಿತು. ಪ್ರಮಾಣ ಒಂದೇ, ಅಣು ಒಂದೇ, ಕೋಣೆಯೂ ಒಂದೇ. ತರಗತಿಯಲ್ಲಿ ಈ ಪ್ರಸಂಗವನ್ನು ನಾನು ತಪ್ಪದೆ ಹೇಳುತ್ತೇನೆ. 'ಗಾಂಜಾ ಹೀಗೆ ಮಾಡುತ್ತದೆ' ಎಂದು ಒಂದೇ ವಾಕ್ಯದಲ್ಲಿ ಹೇಳುವವರು, ಹೊಗಳುವವರಾಗಲಿ ಹೆದರಿಸುವವರಾಗಲಿ, ಆ ಸಂಜೆಯ ಒಬ್ಬ ಅತಿಥಿಯನ್ನು ಮಾತ್ರ ನೋಡಿರುತ್ತಾರೆ.

ಮುಂದಿನ ಪ್ರಶ್ನೆ ಸಹಜ. ಗಿಡವೊಂದರ ಅಣು ಮಿದುಳಿನ ಮೇಲೆ ಇಷ್ಟು ನಿಖರವಾಗಿ ಕೆಲಸ ಮಾಡಬೇಕಾದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕವೊಂದು ಅಲ್ಲಿ ಇರಲೇಬೇಕು. ಅಮೆರಿಕದ ಸೇಂಟ್ ಲೂಯಿಯಲ್ಲಿ ಆಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್ 1988ರಲ್ಲಿ ಅದನ್ನು ತೋರಿಸಿಕೊಟ್ಟರು. ಈಗ ಅದನ್ನು ಸಿಬಿ1 ಎಂದು ಕರೆಯುತ್ತೇವೆ. ಮಿದುಳಿನಲ್ಲಿ ಅತ್ಯಂತ ಹೇರಳವಾಗಿರುವ ಗ್ರಾಹಕಗಳಲ್ಲಿ ಇದೂ ಒಂದು. ನೆನಪು ಕಟ್ಟುವ ಹಿಪೊಕ್ಯಾಂಪಸ್, ಮೈಯ ಸಮತೋಲ ಕಾಯುವ ಕಿರುಮಿದುಳು, ಹಸಿವು ನೋಡಿಕೊಳ್ಳುವ ಹೈಪೊಥಲಾಮಸ್, ಭಯದ ಅಮಿಗ್ಡಲಾ, ಯೋಚಿಸಿ ನಿರ್ಧರಿಸುವ ಹಣೆಯ ಹಿಂದಿನ ಭಾಗ ಎಲ್ಲದರಲ್ಲೂ ಇದೆ. ಉಸಿರಾಟ ಮತ್ತು ಹೃದಯ ಬಡಿತವನ್ನು ನಡೆಸುವ ಮಿದುಳುಕಾಂಡದಲ್ಲಿ ಮಾತ್ರ ತೀರ ಕಡಿಮೆ. ಅಫೀಮು ವರ್ಗದ ಔಷಧ ಮಿತಿಮೀರಿದರೆ ಉಸಿರು ನಿಂತು ಸಾಯುತ್ತಾರೆ. ಗಾಂಜಾದಿಂದ ಹಾಗೆ ಸಾಯುವುದಿಲ್ಲ. ಕಾರಣ ಈ ನಕ್ಷೆಯಲ್ಲಿದೆ.

ಗ್ರಾಹಕ ಇದೆಯೆಂದರೆ ಅದು ಗಾಂಜಾ ಗಿಡಕ್ಕಾಗಿ ಕಾದು ಕೂತಿರುವುದಿಲ್ಲ. ದೇಹವೇ ತಯಾರಿಸುವ ಯಾವುದೋ ವಸ್ತು ಅದಕ್ಕಾಗಿ ಇರಬೇಕು. ಡಿವೇನ್ ಜೆರುಸಲೇಮಿಗೆ ಹೋಗಿ ಮೆಶೂಲಮ್ ಅವರ ಪ್ರಯೋಗಾಲಯ ಸೇರಿದರು. ಜೆಕ್ ದೇಶದ ಲೂಮಿರ್ ಹನುಷ್ ಅಲ್ಲಿದ್ದರು. ಹಂದಿಯ ಮಿದುಳುಗಳನ್ನು ಅರೆದು, ಸೋಸಿ, ಮತ್ತೆ ಮತ್ತೆ ಶುದ್ಧೀಕರಿಸಿ, ಕೊನೆಗೆ 1992ರಲ್ಲಿ ಒಂದು ಕೊಬ್ಬಿನಂಥ ಅಣುವನ್ನು ಪಡೆದರು. ಸಂಸ್ಕೃತದ 'ಆನಂದ'ವನ್ನೇ ಎತ್ತಿಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. 1995ರಲ್ಲಿ ಇನ್ನೊಂದು ಅಣು, 2-ಎಜಿ, ಮೆಶೂಲಮ್ ತಂಡಕ್ಕೂ ಜಪಾನಿನ ತಂಡವೊಂದಕ್ಕೂ ಬೇರೆ ಬೇರೆಯಾಗಿ ಸಿಕ್ಕಿತು. ತಾಯಿಯ ಎದೆಹಾಲಿನಲ್ಲೂ ಅದು ಇದೆ.

ಇನ್ನು ಇದು ಕೆಲಸ ಮಾಡುವ ರೀತಿ. ದಯವಿಟ್ಟು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಡೋಪಮೈನ್, ಸಿರೊಟೋನಿನ್ ಮುಂತಾದ ನರವಾಹಕಗಳನ್ನು, ಅಂದರೆ ಸಂಕೇತ ಒಯ್ಯುವ ರಾಸಾಯನಿಕಗಳನ್ನು, ನರಕೋಶಗಳು ಮೊದಲೇ ತಯಾರಿಸಿ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಸಂಕೇತ ಬಂದಾಗ ಮುಂದಿನ ಕೋಶದ ಕಡೆಗೆ ಸುರಿಯುತ್ತವೆ. ಆನಂದಮೈಡಿಗೆ ಅಂಥ ಸಂಗ್ರಹವಿಲ್ಲ. ಸಂಕೇತವನ್ನು ಪಡೆಯುತ್ತಿರುವ ಕೋಶ ಅಗತ್ಯ ಬಿದ್ದ ಗಳಿಗೆಯಲ್ಲಿ ತನ್ನ ಹೊರಪೊರೆಯ ಕೊಬ್ಬಿನಿಂದಲೇ ಅದನ್ನು ಕತ್ತರಿಸಿ ತೆಗೆಯುತ್ತದೆ. 2-ಎಜಿಯೂ ಹಾಗೆಯೇ. ಅಲ್ಲಿಂದ ಅದು ಹೋಗುವುದು ಹಿಂದಕ್ಕೆ, ಸಂಕೇತ ಕಳಿಸುತ್ತಿರುವ ಕೋಶದ ಕಡೆಗೆ. ಸಿಬಿ1 ಇರುವುದು ಅಲ್ಲಿ. ತುಂಗಭದ್ರೆಯ ಕಾಲುವೆಯ ಕೆಳಭಾಗದಲ್ಲಿ ಹೊಲವಿರುವ ರೈತ, ನೀರು ಸಾಕಾದಾಗ ಮೇಲಕ್ಕೆ ಹೇಳಿಕಳಿಸುತ್ತಾನಲ್ಲ, ತೂಬು ಇಳಿಸಿ ಎಂದು, ಇದು ಆ ಬಗೆಯ ಸಂದೇಶ. ನರಕೋಶಗಳ ನಡುವೆ ಹೀಗೆ ಸಂದೇಶ ಹಿಂದಕ್ಕೆ ಹೋಗುತ್ತದೆ ಎಂಬುದನ್ನು 2001ರಲ್ಲಿ ಜಪಾನ್ ಮತ್ತು ಅಮೆರಿಕದ ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಸಂದೇಶ ತಲುಪಿದ ಕೂಡಲೇ ಕಿಣ್ವಗಳು ಆ ಅಣುವನ್ನು ಒಡೆದುಹಾಕುತ್ತವೆ. ಹುಟ್ಟುವುದು ಬೇಕಾದಾಗ, ಬೇಕಾದ ಜಾಗದಲ್ಲಿ, ಬೇಕಾದಷ್ಟು. ಅಳಿಯುವುದು ಕೆಲಸ ಮುಗಿದ ಗಳಿಗೆಯಲ್ಲಿ.

ಸುಖ ನಿಲ್ಲುವುದಿಲ್ಲ ಎಂದು ನಾವು ಹಳಹಳಿಸುತ್ತೇವೆ. ಮಿದುಳಿನ ಕಡೆಯಿಂದ ನೋಡಿದರೆ ನಿಲ್ಲದಿರುವುದಕ್ಕಾಗಿಯೇ ಅದು ರೂಪುಗೊಂಡಿದೆ. ಹಸಿದವನಿಗೆ ರೊಟ್ಟಿ ರುಚಿಸಬೇಕು. ಉಂಡ ಮೇಲೆ ಆ ರುಚಿ ಇಳಿಯಬೇಕು, ಇಲ್ಲದಿದ್ದರೆ ಎದ್ದು ಹೊಲಕ್ಕೆ ಹೋಗುವವರು ಯಾರು? ಭಯಕ್ಕೂ ಇದೇ ಮಾತು. ಜರ್ಮನಿಯ ತಂಡವೊಂದು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಒಂದು ಸದ್ದನ್ನು ಕೇಳಿಸಿ ವಿದ್ಯುತ್ ಆಘಾತ ಕೊಟ್ಟರು. ಮುಂದೆ ಆಘಾತವಿಲ್ಲದೆ ಬರೀ ಸದ್ದು ಕೇಳಿಸುತ್ತಾ ಹೋದಂತೆ ಸಾಮಾನ್ಯ ಇಲಿಗಳ ಭಯ ಕರಗಿತು. ಸಿಬಿ1 ಇಲ್ಲದ ಇಲಿಗಳಲ್ಲಿ ಕರಗಲಿಲ್ಲ. ಸದ್ದು ಕೇಳಿದಾಗಲೆಲ್ಲ ಕಲ್ಲಾಗಿ ನಿಂತವು. ನಡೆದುಹೋದ ಆಘಾತದಿಂದ ಬಿಡಿಸಿಕೊಳ್ಳುವ ಶಕ್ತಿಯೂ ಈ ವ್ಯವಸ್ಥೆಯ ಕೊಡುಗೆ. ಉಣ್ಣುವುದು, ಮಲಗುವುದು, ಮೈ ಸಡಿಲಿಸುವುದು, ಮರೆಯುವುದು: ಆನಂದಮೈಡಿನ ಕೆಲಸಗಳು ಇಂಥ ದಿನನಿತ್ಯದವು. ಸ್ವರ್ಗವನ್ನು ತೋರಿಸುವ ಅಣು ಅದಲ್ಲ, ಏರುಪೇರಾದ ಜೀವವನ್ನು ಹದಕ್ಕೆ ತರುವ ಅಣು.

ಈಗ ಗಾಂಜಾ ಸೇದಿದಾಗ ಏನಾಗುತ್ತದೆ ನೋಡಿ. ಟಿಎಚ್‌ಸಿ ರಕ್ತದ ಮೂಲಕ ಇಡೀ ಮಿದುಳಿಗೆ ಹರಡುತ್ತದೆ. ಎಲ್ಲಿ ಸಂದೇಶ ಬೇಕಿತ್ತೋ ಅಲ್ಲಿಗೂ, ಬೇಡದ ಕಡೆಗೂ ಒಟ್ಟಿಗೇ ಮುಟ್ಟುತ್ತದೆ. ಆನಂದಮೈಡನ್ನು ಒಡೆಯುವ ಕಿಣ್ವ ಟಿಎಚ್‌ಸಿಯನ್ನು ಒಡೆಯಲಾರದು. ಹಾಗಾಗಿ ಕ್ಷಣಗಳ ಮಾತು ಗಂಟೆಗಳಿಗೆ ಬೆಳೆಯುತ್ತದೆ. ಉಳಿದದ್ದು ದೇಹದ ಕೊಬ್ಬಿನಲ್ಲಿ ಸೇರಿ ದಿನಗಟ್ಟಲೆ ಉಳಿಯುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿ ತೂಬು ಇಳಿದಾಗ ಆಡುತ್ತಿದ್ದ ವಾಕ್ಯದ ಆರಂಭವೇ ಮರೆಯುತ್ತದೆ. ಹೈಪೊಥಲಾಮಸ್ಸಿನಲ್ಲಿ ಸುಳ್ಳು ಹಸಿವು. ಕಿರುಮಿದುಳಿನಲ್ಲಿ ಆಯ ತಪ್ಪಿದ ನಡೆ. ಆ ಹೊತ್ತಿನಲ್ಲಿ ಬೈಕ್ ಹತ್ತುವುದು ಅಪಾಯ. ಭಯದ ಕೇಂದ್ರದಲ್ಲಿ, ಪ್ರಮಾಣ ಕಡಿಮೆಯಿದ್ದರೆ ನಿರಾಳ, ಹೆಚ್ಚಾದರೆ ಎದೆ ಒಡೆಯುವ ಗಾಬರಿ.

ದಿನವೂ ಹೀಗೇ ಆದರೆ ಮಿದುಳು ಸುಮ್ಮನಿರುವುದಿಲ್ಲ, ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ನಿತ್ಯ ಸೇದುವವರ ಮಿದುಳಿನ ಚಿತ್ರಗಳಲ್ಲಿ ಸಿಬಿ1 ತಗ್ಗಿರುವುದು ಕಾಣುತ್ತದೆ. ಆಗ ಗಾಂಜಾದ ಸುಖವಷ್ಟೇ ಇಳಿಯುವುದಿಲ್ಲ. ಊಟ, ನಿದ್ದೆ, ಗೆಳೆಯರ ಜೊತೆ ಹರಟೆ ಎಲ್ಲವೂ ಸಪ್ಪೆಯಾಗುತ್ತವೆ, ಏಕೆಂದರೆ ಅವೂ ಅದೇ ಗ್ರಾಹಕಗಳನ್ನು ನೆಚ್ಚಿಕೊಂಡವು. ಚಟ ಹತ್ತಿದವರು 'ಸೇದದಿದ್ದರೆ ಏನೂ ಚೆನ್ನಾಗಿಲ್ಲ' ಎನ್ನುವುದು ನೆಪವಲ್ಲ, ಅವರು ತಮ್ಮ ಮಿದುಳಿನ ಸ್ಥಿತಿಯನ್ನು ವರದಿ ಮಾಡುತ್ತಿದ್ದಾರೆ. ಧೈರ್ಯ ಕೊಡುವ ಸಂಗತಿಯೂ ಇದೆ. ಬಿಟ್ಟ ಎರಡು ದಿನಗಳಲ್ಲೇ ಗ್ರಾಹಕಗಳು ಚೇತರಿಸಿಕೊಳ್ಳಲು ತೊಡಗುತ್ತವೆ, ಸುಮಾರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಹಿಂದಿನ ಮಟ್ಟಕ್ಕೆ ಬರುತ್ತವೆ.

ಹದಿಹರೆಯದವರ ಮಾತು ಬೇರೆ. ಇಲ್ಲಿ ನನಗೆ ರಾಜಿಯಿಲ್ಲ. ಮಿದುಳು, ಅದರಲ್ಲೂ ಹಣೆಯ ಹಿಂದಿನ ಭಾಗ, ಇಪ್ಪತ್ತೈದರ ಆಸುಪಾಸಿನವರೆಗೂ ರೂಪುಗೊಳ್ಳುತ್ತಲೇ ಇರುತ್ತದೆ. ಯಾವ ಸಂಪರ್ಕ ಉಳಿಯಬೇಕು, ಯಾವುದು ಅಳಿಯಬೇಕು ಎಂಬ ಆಯ್ಕೆ ನಡೆಯುವ ವರ್ಷಗಳು ಅವು, ಮತ್ತು ಆ ಆಯ್ಕೆಯಲ್ಲಿ ಈ ವ್ಯವಸ್ಥೆಗೇ ಪಾತ್ರವಿದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಹದಿನೆಂಟರ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಮುಂದೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬರುವ ಪ್ರಮಾಣ ಆರು ಪಟ್ಟು ಇತ್ತು. ಇದರಲ್ಲಿ ಆನುವಂಶಿಕತೆಯ ಪಾಲೆಷ್ಟು, ಗಾಂಜಾದ ಪಾಲೆಷ್ಟು ಎಂಬ ಚರ್ಚೆ ನಡೆದಿದೆ, ನಡೆಯಲಿ. ಆದರೆ 2019ರಲ್ಲಿ ಹನ್ನೊಂದು ಸ್ಥಳಗಳನ್ನು ಒಳಗೊಂಡ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿತು. ದಿನವೂ ಸೇದುವವರಲ್ಲಿ ಮನೋವಿಕಾರದ ಸಾಧ್ಯತೆ ಸುಮಾರು ಮೂರು ಪಟ್ಟು, ಹೆಚ್ಚು ತೀವ್ರತೆಯ ಗಾಂಜಾವನ್ನು ದಿನವೂ ಸೇದಿದರೆ ಐದು ಪಟ್ಟಿನ ಹತ್ತಿರ. ತೀವ್ರತೆಯೋ ಏರುತ್ತಲೇ ಇದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ಕ್ಕೆ ಏರಿತ್ತು. ಬಳಸಿದವರಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನಕ್ಕೆ ಚಟ ಹತ್ತುತ್ತದೆ ಎನ್ನುತ್ತಾರೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಈ ಆಟವನ್ನು ಆಡಲೇಬಾರದು.

ಇಲಿಮರಿಗಳಿಗೆ ಚುಚ್ಚಿದ ಔಷಧದ ಹೆಸರು ರಿಮೊನಾಬಂಟ್. ಸಿಬಿ1 ಗ್ರಾಹಕವನ್ನು ಮುಚ್ಚಿಹಾಕುವ ಔಷಧ ಅದು. ಗಾಂಜಾ ಹಸಿವು ಹೆಚ್ಚಿಸುತ್ತದೆ, ಹಾಗಾದರೆ ಅದರ ಗ್ರಾಹಕವನ್ನೇ ಮುಚ್ಚಿದರೆ ಹಸಿವು ಇಳಿಯಬೇಕಲ್ಲವೇ? ತರ್ಕ ಸರಿಯಾಗಿತ್ತು, ಫಲಿತಾಂಶವೂ ಸಿಕ್ಕಿತು. ಜನರ ತೂಕ ಇಳಿಯಿತು, ಸೊಂಟದ ಸುತ್ತಳತೆ ಇಳಿಯಿತು. 2006ರಲ್ಲಿ ಯುರೋಪಿನಲ್ಲಿ ಬೊಜ್ಜು ಕರಗಿಸುವ ಮಾತ್ರೆಯಾಗಿ ಅದು ಮಾರುಕಟ್ಟೆಗೆ ಬಂತು, ನಮ್ಮ ದೇಶದ ಔಷಧದಂಗಡಿಗಳಿಗೂ ಬಂತು. ತೂಕದ ಜೊತೆಗೆ ಇನ್ನೊಂದೂ ಇಳಿಯುತ್ತಿತ್ತು. ಕೆಲವರನ್ನು ಖಿನ್ನತೆ ಆವರಿಸಿತು, ಆತಂಕ ಕಾಡಿತು, ಆತ್ಮಹತ್ಯೆಯ ಯೋಚನೆಗಳು ಬಂದವು. ಅಮೆರಿಕದ ತಜ್ಞರ ಸಮಿತಿ 2007ರಲ್ಲಿ ಒಪ್ಪಿಗೆ ನೀಡಬಾರದೆಂದು ಹೇಳಿತು, 2008ರಲ್ಲಿ ಯುರೋಪ್ ಅದರ ಮಾರಾಟ ನಿಲ್ಲಿಸಿತು, 2009ರಲ್ಲಿ ಭಾರತ ನಿಷೇಧಿಸಿತು.

ಔಷಧ ವಿಜ್ಞಾನದ ಇತಿಹಾಸದಲ್ಲಿ ನನ್ನನ್ನು ಇದರಷ್ಟು ಯೋಚನೆಗೆ ಹಚ್ಚಿದ ಪ್ರಸಂಗ ಬೇರೊಂದಿಲ್ಲ. ಊಟದ ಆಸೆಯೊಂದನ್ನೇ ಕತ್ತರಿಸಿ ತೆಗೆಯಲು ಹೋದರು, ಬದುಕಿನ ಆಸೆಗೂ ಕತ್ತರಿ ತಾಗಿತು. ಎರಡೂ ಒಂದೇ ಬೇರಿನವು. ಎಳೆಮರಿಗಳು ಅದನ್ನು ಮೊದಲೇ ತೋರಿಸಿದ್ದವು, ಆ ಪ್ರಯೋಗ ಪ್ರಕಟವಾಗಿ ಐದು ವರ್ಷಗಳಾದ ಮೇಲೆ ಮಾತ್ರೆ ಮಾರುಕಟ್ಟೆಗೆ ಬಂತು. ಸುಖವನ್ನು ದುರ್ಬಲರ ಗೀಳು, ಬಿಟ್ಟರೂ ನಡೆಯುವಂಥದ್ದು ಎಂದು ಬಗೆಯುವ ಕಠೋರ ನೀತಿವಂತರು ನಮ್ಮಲ್ಲಿ ಬಹಳ ಇದ್ದಾರೆ. ಮಕ್ಕಳು ನಗುವುದನ್ನು, ಹಾಡುವುದನ್ನು, ಸುಮ್ಮನೆ ಕೂರುವುದನ್ನು ಕಂಡರೆ ಅವರಿಗೆ ಸಹಿಸದು. ಅವರೆದುರು ಈ ಮಾತ್ರೆಯ ಕಥೆಯನ್ನು ಇಡಬೇಕು.

ಇನ್ನೊಂದು ತುದಿಯನ್ನೂ ನೋಡೋಣ. ಸ್ಕಾಟ್ಲೆಂಡಿನ ಮಹಿಳೆಯೊಬ್ಬರ ಬಗ್ಗೆ 2019ರಲ್ಲಿ ವೈದ್ಯರು ವರದಿ ಮಾಡಿದರು. ಅರವತ್ತು ದಾಟಿದ ಮೇಲೆ ಸೊಂಟದ ಕೀಲು ತೀರ ಸವೆದಿರುವುದು ಗೊತ್ತಾಯಿತು. ಅವರಿಗೆ ಅದರ ನೋವೇ ಇರಲಿಲ್ಲ. ಕೈಯ ಶಸ್ತ್ರಚಿಕಿತ್ಸೆಯ ನಂತರ ನೋವಿನ ಔಷಧ ಬೇಡವೆಂದಾಗ ಅರಿವಳಿಕೆ ತಜ್ಞರಿಗೆ ಅಚ್ಚರಿಯಾಯಿತು. ಆನಂದಮೈಡನ್ನು ಒಡೆಯುವ ಕಿಣ್ವದ ಜೀನಿನಲ್ಲಿ ಮತ್ತು ಅದರ ಪಕ್ಕದಲ್ಲಿ ಅವರಿಗೆ ಅಪರೂಪದ ವ್ಯತ್ಯಾಸಗಳಿದ್ದವು. ರಕ್ತದಲ್ಲಿ ಆನಂದಮೈಡ್ ಸಾಮಾನ್ಯರಿಗಿಂತ ಸುಮಾರು ಎರಡು ಪಟ್ಟು. ಆತಂಕ, ಖಿನ್ನತೆಗಳನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಸಿಕ್ಕ ಅಂಕ ಸೊನ್ನೆ. ಜೀವಮಾನವಿಡೀ ಹಸನ್ಮುಖಿ. ಕೇಳಲು ವರದಂತೆ ಕಾಣುತ್ತದೆ. ಆದರೆ ಒಲೆಯ ಮೇಲೆ ಕೈ ಸುಡುತ್ತಿರುವುದು ಅವರಿಗೆ ತಿಳಿಯುತ್ತಿದ್ದುದು ಮಾಂಸ ಕರಕಲಾದ ವಾಸನೆಯಿಂದ. ಮಾತಿನ ನಡುವೆ ಪದಗಳು ಮರೆಯುತ್ತಿದ್ದವು. ನೋವು ತಿಳಿಯದ್ದರಿಂದ ಕೀಲು ಸವೆಯುತ್ತಿರುವುದನ್ನು ತಡೆಯುವ ಅವಕಾಶವೂ ತಪ್ಪಿತ್ತು.

ಇಂಥ ಕಿಣ್ವವನ್ನು ಔಷಧದಿಂದ ತಡೆದರೆ ಎಲ್ಲರಿಗೂ ನೋವಿಲ್ಲದ ಬಾಳು ಸಿಗಬಹುದೆಂದು ಕಂಪನಿಗಳು ಆಗಲೇ ಪ್ರಯತ್ನಿಸಿದ್ದವು. ಮಂಡಿನೋವಿನವರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಆನಂದಮೈಡ್ ಏರಿತು, ನೋವು ಇಳಿಯಲಿಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಅಂಥ ಇನ್ನೊಂದು ಔಷಧವನ್ನು ಪಡೆದ ಆರೋಗ್ಯವಂತ ಸ್ವಯಂಸೇವಕರಲ್ಲಿ ಒಬ್ಬರು ತೀರಿಕೊಂಡರು, ಇನ್ನು ಕೆಲವರ ಮಿದುಳಿಗೆ ಪೆಟ್ಟಾಯಿತು. ಆ ಅಣು ಬೇರೆ ಕಿಣ್ವಗಳನ್ನೂ ತಡೆದಿರಬೇಕೆಂದು ನಂತರದ ಸಂಶೋಧನೆ ಸೂಚಿಸಿದೆ.

ಸುಖದ ಬಗ್ಗೆ ಇನ್ನೊಂದು ಮಾತು. ಡೋಪಮೈನ್ ಎಂದರೆ ಸಂತೋಷದ ರಾಸಾಯನಿಕ ಎಂದು ಮೊಬೈಲಿನ ವಿಡಿಯೋಗಳೆಲ್ಲ ಹೇಳುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ದಶಕಗಳಿಂದ ತೋರಿಸುತ್ತಾ ಬಂದಿರುವುದು ಬೇರೆ. ಡೋಪಮೈನ್ ಇಲ್ಲದಂತೆ ಮಾಡಿದ ಇಲಿ ಎದುರಿಗಿರುವ ಆಹಾರದ ಬಳಿಗೂ ಹೋಗುವುದಿಲ್ಲ. ಆದರೆ ನಾಲಿಗೆಯ ಮೇಲೆ ಸಿಹಿ ಇಟ್ಟರೆ ತುಟಿ ಸವರಿ ಸವಿಯುತ್ತದೆ. ಅಂದರೆ ಬೇಕೆನಿಸುವುದು ಒಂದು, ಸವಿಯುವುದು ಇನ್ನೊಂದು. ಡೋಪಮೈನ್ ಬೇಕೆನಿಸುವುದರ ಕಡೆಗಿದೆ. ಸವಿಯುವುದಕ್ಕೆ ಮಿದುಳಿನಲ್ಲಿ ಕೆಲವು ಪುಟ್ಟ ತಾಣಗಳಿವೆ, ಅಂಥ ಒಂದು ತಾಣಕ್ಕೆ ಆನಂದಮೈಡ್ ಕೊಟ್ಟಾಗ ಇಲಿಗಳು ಸಕ್ಕರೆಯನ್ನು ಹೆಚ್ಚು ಸವಿದವು. ಚಟ ಬೆಳೆದಂತೆ ಬೇಕೆನಿಸುವುದು ಏರುತ್ತದೆ, ಸವಿ ಏರುವುದಿಲ್ಲ, ಹಲವು ಸಲ ಇಳಿಯುತ್ತದೆ. ಗಾಂಜಾಕ್ಕೆ ಮಾತ್ರವಲ್ಲ, ಮಧ್ಯರಾತ್ರಿಯವರೆಗೂ ಪರದೆಯನ್ನು ಸರಿಸುತ್ತಾ ಕೂರುವ ನಮ್ಮ ಬೆರಳಿಗೂ ಇದು ಅನ್ವಯಿಸುತ್ತದೆ.

ದೂರ ಓಡಿದ ಮೇಲೆ ಬರುವ ಹಗುರವಾದ ಖುಷಿಗೆ ದೇಹವೇ ತಯಾರಿಸುವ, ಅಫೀಮಿನಂತೆ ಕೆಲಸ ಮಾಡುವ ಎಂಡಾರ್ಫಿನ್ ಕಾರಣ ಎಂದು ಬಹಳ ಕಾಲ ನಂಬಿದ್ದೆವು. ಎಂಡಾರ್ಫಿನ್ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಲಾರದು. ಆನಂದಮೈಡ್ ಕೊಬ್ಬಿನ ಅಣುವಾದ್ದರಿಂದ ದಾಟಬಲ್ಲದು. ಎಂಡಾರ್ಫಿನ್ನಿನ ಗ್ರಾಹಕಗಳನ್ನು ಔಷಧದಿಂದ ಮುಚ್ಚಿ ಜನರನ್ನು ಓಡಿಸಿದ ಜರ್ಮನಿಯ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಆ ಗ್ರಾಹಕಗಳು ಮುಚ್ಚಿದ್ದರೂ ಓಟಗಾರರಿಗೆ ಖುಷಿ ಬಂತು. ಅವರ ರಕ್ತದಲ್ಲಿ ಆನಂದಮೈಡ್ ಏರಿತ್ತು. ಇದನ್ನು ಹೇಳುವಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಬೆವರು ಹರಿಸಿ ದುಡಿದ ಮೇಲೆ ಮೈಗೆ ಬರುವ ಸಮಾಧಾನ ಕವಿಗಳ ಕಲ್ಪನೆಯಲ್ಲ, ಅದನ್ನು ಅಳೆಯಬಹುದು.

ಸಭೆಯ ಹಿರಿಯರೊಬ್ಬರು ಕೇಳಿದ ಪ್ರಶ್ನೆ: ನಮ್ಮ ಕಡೆಯ ಅವಧೂತರು, ಆರೂಢರು ಚಿಲುಮೆ ಸೇದುತ್ತಿದ್ದರು, ಅದೂ ತಪ್ಪೇ?

ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ, ಕೃಷ್ಣಾ ತೀರದ ಮೌನೇಶ್ವರ ಕ್ಷೇತ್ರದಲ್ಲಿ, ಜಾತ್ರೆಯ ಹೊತ್ತಿನಲ್ಲಿ ಗಾಂಜಾವನ್ನು ಪ್ರಸಾದವಾಗಿ ಪಡೆಯುವ ರೂಢಿಯ ಬಗ್ಗೆ ಪತ್ರಿಕೆಗಳಲ್ಲಿ ಓದಿದ್ದೇವೆ. ಆ ನಂಬಿಕೆಯನ್ನು ಹೀಗಳೆಯಲು ನಾನು ಸಿದ್ಧನಿಲ್ಲ. ಅಲ್ಲಿ ಹೊತ್ತಿಗೆ ಒಂದು ಕಟ್ಟಿತ್ತು, ಸುತ್ತ ಹಿರಿಯರಿದ್ದರು, ಸೇದುವವನು ಬಹುಪಾಲು ಬೆಳೆದ ಮನುಷ್ಯ, ಸೇದಿದ ಮೇಲೆ ಧ್ಯಾನವೋ ಭಜನೆಯೋ ಇತ್ತು. ಹಾಸ್ಟೆಲಿನ ಕೋಣೆಯಲ್ಲಿ ಒಂಟಿಯಾಗಿ, ದಿನವೂ, ತೀವ್ರತೆ ತಿಳಿಯದ ಸರಕನ್ನು ಸೇದುವ ಹುಡುಗನಿಗೆ ಇದರಲ್ಲಿ ಯಾವುದೂ ಇಲ್ಲ. ಕಾನೂನನ್ನೂ ತಿಳಿದಿರಬೇಕು: 1985ರ ಮಾದಕವಸ್ತು ಕಾಯ್ದೆಯಲ್ಲಿ ಚರಸ್ ಮತ್ತು ಹೂಗೊಂಚಲಿನ ಗಾಂಜಾ ಅಪರಾಧ, ಹೂಗೊಂಚಲಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಜಾತ್ರೆಗೂ ಹಾಸ್ಟೆಲಿಗೂ ಕಾನೂನು ಒಂದೇ.

ತಾಯಿಯೊಬ್ಬರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ: ಮಗ ಸೇದುತ್ತಿದ್ದಾನೆ ಎಂದು ಗೊತ್ತಾಗಿದೆ. ಹೊಡೆಯಲೂ ಆಗದು, ಬಿಡಲೂ ಆಗದು. ಏನು ಮಾಡಲಿ?

ಅಮ್ಮಾ, ಹೊಡೆಯಬೇಡಿ, ಮನೆಯಿಂದ ಹೊರಗಟ್ಟುವ ಮಾತಂತೂ ಬೇಡವೇ ಬೇಡ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್ ಬಳಸುತ್ತಾರೆ. ಅವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವು ಬೇಕಾಗಿದೆ. ನೀವು ಒಬ್ಬರೇ ಅಲ್ಲ. ಯಾವಾಗಿನಿಂದ, ಎಷ್ಟು ಸಲ ಎಂದು ಕೇಳುವ ಮೊದಲು ಅವನಿಗೆ ನಿದ್ದೆ ಬರುತ್ತಿದೆಯೇ, ಓದಿನಲ್ಲಿ ಏನು ಕಷ್ಟ, ಯಾರಾದರೂ ಕಾಡುತ್ತಿದ್ದಾರೆಯೇ ಎಂದು ಕೇಳಿ. ಹಲವು ಹುಡುಗರು ಸುಖಕ್ಕಾಗಿ ಶುರು ಮಾಡಿರುವುದಿಲ್ಲ, ತಡೆಯಲಾರದ ತಳಮಳವೊಂದನ್ನು ತಣಿಸಲು ಶುರು ಮಾಡಿರುತ್ತಾರೆ. ಆ ತಳಮಳಕ್ಕೇ ಚಿಕಿತ್ಸೆ ಬೇಕು. ಯಾರೋ ಪಿಸುಗುಟ್ಟಿದಂತೆ ಕೇಳಿಸುತ್ತದೆ, ಯಾರೋ ಹಿಂಬಾಲಿಸುತ್ತಾರೆ ಎಂದು ಅವನು ಹೇಳಿದರೆ ಒಂದು ದಿನವೂ ತಡ ಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಬಿಟ್ಟ ಮೇಲೆ ಮೊದಲ ವಾರ ಸಿಡುಕು, ನಿದ್ರೆಗೆಡುವುದು, ಊಟ ಸೇರದಿರುವುದು ಇರುತ್ತದೆ. ಎರಡು ಮೂರು ವಾರಗಳಲ್ಲಿ ಅದು ತಗ್ಗುತ್ತದೆ. ಆ ದಿನಗಳಲ್ಲಿ ಅವನ ಸಿಟ್ಟನ್ನು ಅಹಂಕಾರವೆಂದು ತಿಳಿಯಬೇಡಿ. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದೆ ಉಳಿಯಬೇಡಿ. ಚಟಕ್ಕೆ ಸಿಲುಕಿದವರು ತಾವಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಅವರಿಗೆ ರಕ್ಷಣೆ ಕೊಡುವ 64ಎ ಎಂಬ ಕಲಮು ಅದೇ ಕಾಯ್ದೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತು ರಾತ್ರಿಯೇ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಮೊದಲ ಕರೆಯನ್ನು ನೀವೇ ಮಾಡಿ, ಮಗ ಒಪ್ಪುವವರೆಗೆ ಕಾಯಬೇಕಾಗಿಲ್ಲ.